ಒಂದೇ ಎಲೆಯ ಮೇಲೆ ಎರಡು ನುಡಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಶಾಲೆಯೊಂದು ನೂರು ವರ್ಷ ಬಾಳುವುದು ಸಣ್ಣ ಮಾತಲ್ಲ. ಅದರಲ್ಲಿಯೂ ತೆಲುಗು ನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದು ನೂರು ವರ್ಷ ಬಾಳಿದೆಯೆಂದರೆ, ಅದು ಕಟ್ಟಿದವರ ಪುಣ್ಯ, ಕಲಿಸಿದವರ ಶ್ರಮ, ಮಕ್ಕಳನ್ನು ನಂಬಿಕೆಯಿಂದ ಕಳುಹಿಸಿದವರ ಔದಾರ್ಯ. ಶಾಲೆಯ ಚರಿತ್ರೆಯನ್ನು ಬೆಳಗಿನ ಗೋಷ್ಠಿಯಲ್ಲಿ ಹಿರಿಯರು ವಿವರವಾಗಿ ನಿರೂಪಿಸಿದ್ದಾರೆ. ಅದನ್ನೇ ಮತ್ತೆ ಹೇಳದೆ ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದು ಯುಗಾದಿ ಹಬ್ಬದ ಊಟ. ಕನ್ನಡ ಮತ್ತು ತೆಲುಗು ಎರಡೂ ಮನೆಮಾತಾಗಿರುವ ಕುಟುಂಬಗಳಲ್ಲಿ ನಡೆಯುವ ಊಟ.

ಶತಮಾನೋತ್ಸವದ ಸಭೆಯಲ್ಲಿ ಅಡುಗೆಮನೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ದಾಖಲಾತಿಯ ಹೊತ್ತಿಗೆ ತಂದೆತಾಯಿಗಳು ನಮ್ಮ ಕೊಠಡಿಗೆ ಬಂದು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ಮೇಡಂ, ಮನೆಯಲ್ಲಿ ಅರ್ಧ ತೆಲುಗು, ಬೀದಿಯಲ್ಲಿ ಪೂರ್ತಿ ತೆಲುಗು, ಮುಂದೆ ಓದುವುದು ಇಂಗ್ಲಿಷಿನಲ್ಲಿ. ನಡುವೆ ಈ ಕನ್ನಡವನ್ನು ಏಕೆ ಮಗುವಿನ ತಲೆಗೆ ಹೊರಿಸಬೇಕು?" ಈ ಪ್ರಶ್ನೆಯಲ್ಲಿ ಕನ್ನಡದ ಮೇಲಿನ ದ್ವೇಷವಿಲ್ಲ, ಮಗುವಿನ ಮೇಲಿನ ಕಾಳಜಿಯಿದೆ. ಆದ್ದರಿಂದ ಅದಕ್ಕೆ ಭಾಷಾಭಿಮಾನದ ಘೋಷಣೆಯಿಂದ ಉತ್ತರ ಹೇಳಲಾಗದು. ಉತ್ತರವು ಅವರವರ ಮನೆಯ ಯುಗಾದಿಯ ಎಲೆಯ ಮೇಲೆಯೇ ಇದೆಯೆಂದು ನಮಗೆ ತೋರಿದೆ. ಅದನ್ನು ತಮ್ಮ ಮುಂದೆ ಬಡಿಸಲು ಅಪ್ಪಣೆ ಬೇಡುತ್ತೇವೆ.

ಮೊದಲು ನಮ್ಮ ಸೀಮೆಯ ವಿಚಾರ. ನಾವು ಹುಟ್ಟಿ ಬೆಳೆದದ್ದು ಕಲ್ಯಾಣದುರ್ಗದಲ್ಲಿ, ಕನ್ನಡ ಮಾತನಾಡುವ ಮನೆಯಲ್ಲಿ. ಮೆಟ್ಟಿದ ಮನೆ ಹಿಂದೂಪುರದಲ್ಲಿ. ಅಲ್ಲಿ ಮನೆಮಾತು ತೆಲುಗು. ಕುಲ ಒಂದೇ, ದೇವರು ಒಂದೇ, ನುಡಿ ಮಾತ್ರ ಎರಡು. 2022ರ ಏಪ್ರಿಲ್ ತಿಂಗಳಲ್ಲಿ ಜಿಲ್ಲೆಗಳ ವಿಂಗಡಣೆಯಾದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಹೀಗಾಗಿ ತವರು ಒಂದು ಜಿಲ್ಲೆ, ಅತ್ತೆಮನೆ ಇನ್ನೊಂದು ಜಿಲ್ಲೆಯಾಯಿತು. ಆದರೆ ಗಡಿನಾಡಿನವರಾದ ನಮಗೆ ಗೆರೆಗಳು ಹೊಸವಲ್ಲ. ನಮ್ಮ ಹಿರಿಯರು ಮದರಾಸು ಪ್ರಾಂತದಲ್ಲಿ ಹುಟ್ಟಿ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಪ್ರಜೆಗಳಾಗಿ, 1956ರ ನವೆಂಬರ್ 1ರಂದು ಆಂಧ್ರಪ್ರದೇಶದ ಪ್ರಜೆಗಳಾದರು. ಈ ಎಲ್ಲ ಕಾಲದಲ್ಲಿಯೂ ಅವರು ಕುಳಿತು ಉಂಡ ಹಜಾರ ಮಾತ್ರ ಬದಲಾಗಲಿಲ್ಲ.

ಗೆರೆಯ ಎರಡು ಕಡೆಯಲ್ಲಿಯೂ ಎರಡು ನುಡಿಗಳು ಹೆಣೆದುಕೊಂಡಿವೆ. ಆಂಧ್ರದಲ್ಲಿರುವ ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ರಾಯದುರ್ಗಗಳ ಹಳ್ಳಿಗಳಲ್ಲಿ ಕನ್ನಡ ಮನೆಮಾತು. ಕರ್ನಾಟಕದಲ್ಲಿರುವ ಪಾವಗಡ, ಬಾಗೇಪಲ್ಲಿಗಳ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು. ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿಯ ಶಾಸನಗಳು ಕನ್ನಡದಲ್ಲಿವೆ. ನಮ್ಮ ಊರಿನ ಮಗ್ಗುಲಿನ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿಯೂ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಆ ಕಾಲದ ಶಾಸನಗಳಲ್ಲಿ ದೇವರ ನೈವೇದ್ಯಕ್ಕೆ ಬಿಟ್ಟ ದತ್ತಿಯನ್ನು 'ಅಮೃತಪಡಿ' ಎಂದು ಕರೆಯುವ ರೂಢಿಯಿತ್ತು. ಅನ್ನಕ್ಕೆ ಇಷ್ಟು ಚೆಂದದ ಹೆಸರಿಟ್ಟ ಸೀಮೆಯಲ್ಲಿ ಊಟದ ಮಾತು ಕ್ಷುಲ್ಲಕವೆನಿಸಬಾರದು.

ಕನ್ನಡಿಗರೂ ತೆಲುಗರೂ ಕೂಡಿ ಬಾಳುವ ಮನೆಗೆ ಒಂದು ಅನುಕೂಲವಿದೆ: ಹೊಸ ವರ್ಷ ಇಬ್ಬರಿಗೂ ಒಂದೇ ದಿನ. ಇಬ್ಬರೂ ಚಾಂದ್ರಮಾನದವರು, ಚೈತ್ರ ಶುದ್ಧ ಪಾಡ್ಯ ಇಬ್ಬರಿಗೂ ವರ್ಷದ ಮೊದಲ ದಿನ. ಕನ್ನಡ ಮತ್ತು ತಮಿಳು ಕೂಡಿದ ಮನೆಯಾಗಿದ್ದರೆ ಸೌರಮಾನದ ಹೊಸ ವರ್ಷಕ್ಕಾಗಿ ಏಪ್ರಿಲ್ ನಡುವಿನವರೆಗೆ ಕಾಯಬೇಕಾಗುತ್ತಿತ್ತು, ಎರಡು ದಿನ ಎರಡು ಹಬ್ಬ ಮಾಡಿ ಇಬ್ಬರನ್ನೂ ಸಮಾಧಾನಪಡಿಸಬಹುದಾಗಿತ್ತು. ನಮಗೆ ಆ ದಾರಿಯಿಲ್ಲ. ದಿನ ಒಂದೇ, ಒಲೆ ಒಂದೇ, ಎಲೆಯೂ ಒಂದೇ. ಎರಡು ಪದ್ಧತಿಗಳು ಅಲ್ಲಿಯೇ ಹೊಂದಿಕೊಳ್ಳಬೇಕು.

ಬೆಳಗಿನ ಅಭ್ಯಂಜನ, ಬಾಗಿಲಿಗೆ ಮಾವಿನೆಲೆಯ ತೋರಣ, ನಡುನಡುವೆ ಬೇವಿನ ಗೊಂಚಲು, ಸಂಜೆಯ ಪಂಚಾಂಗ ಶ್ರವಣ ಇವೆಲ್ಲ ಎರಡೂ ಕಡೆ ಸಮಾನ. ಭೇದ ಮೊದಲು ಕಾಣುವುದು ಪ್ರಸಾದದಲ್ಲಿ. ನಮ್ಮ ತವರಿನಲ್ಲಿ ಬೇವು ಬೆಲ್ಲವೆಂದರೆ ಒಣಗಿದ ಪದಾರ್ಥ. ಬೇವಿನ ಹೂವನ್ನು ಬೆಲ್ಲದ ಪುಡಿಯೊಡನೆ, ಒಂದಿಷ್ಟು ಹುರಿಗಡಲೆಯೊಡನೆ ಬೆರೆಸಿ ಅಂಗೈಗೆ ಚಿಟಿಕೆಯಷ್ಟು ಹಾಕುತ್ತಾರೆ. ಅದರಲ್ಲಿ ರುಚಿ ಎರಡೇ, ಕಹಿ ಮತ್ತು ಸಿಹಿ. ಹಿಂದೂಪುರದ ಮನೆಯಲ್ಲಿ ಅದು ಪಚ್ಚಡಿ. ಲೋಟದಲ್ಲಿ ಕುಡಿಯುವಷ್ಟು ತೆಳುವಾದ ಪದಾರ್ಥ. ಹೊಸ ಹುಣಸೆಯ ರಸ, ಹೊಸ ಬೆಲ್ಲ, ಬೇವಿನ ಹೂವು, ಮಾವಿನಕಾಯಿಯ ಚೂರು, ಉಪ್ಪು, ಕಾರ, ಹೀಗೆ ಆರು ರುಚಿ. ಹಿಂದೂಪುರ ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದ ಊರು. ಯುಗಾದಿಯ ಹೊತ್ತಿಗೆ ಮಾರುಕಟ್ಟೆಗೆ ಹೊಸ ಹುಣಸೆ ಬಂದಿರುತ್ತದೆ. ಆದ್ದರಿಂದ ಈ ಊರಿನ ಪಚ್ಚಡಿಯಲ್ಲಿ ಹುಳಿಯದೇ ಮೇಲುಗೈ.

ನಾವು ಸೊಸೆಯಾಗಿ ಬಂದ ವರ್ಷ ನಮ್ಮ ಅತ್ತೆಯವರು ದೇವರ ಮುಂದೆ ಪಚ್ಚಡಿಯ ಪಾತ್ರೆಯ ಪಕ್ಕದಲ್ಲಿ ಚಿಕ್ಕ ಬೆಳ್ಳಿ ಬಟ್ಟಲೊಂದನ್ನು ಇರಿಸಿ, "ಮೀ ಇಂಟ್ಲೋ ಚೇಸೇದಿ ಇಂದುಲೋ ಪೆಟ್ಟು" ಎಂದರು. ನಿಮ್ಮ ಮನೆಯಲ್ಲಿ ಮಾಡುವುದನ್ನು ಇದರಲ್ಲಿ ಇಡು ಎಂದು ಅದರ ಅರ್ಥ. ಹಬ್ಬಕ್ಕೆ ಬಂದಿದ್ದ ನೆಂಟರೊಬ್ಬರು, ಒಂದು ಮನೆಗೆ ಒಂದು ಪದ್ಧತಿ ಸಾಕಲ್ಲವೆ, ಎರಡಾದರೆ ಮುಂದೆ ಮಕ್ಕಳಿಗೆ ಗೊಂದಲವಾಗುವುದಿಲ್ಲವೆ ಎಂದು ಕೇಳಿದರು. ಅತ್ತೆಯವರು ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ, "ರೆಂಡು ರುಚುಲುಂಟೇ ಏಮಿ ಪೋತುಂದಿ?" ಎಂದರು. ಎರಡು ರುಚಿಯಿದ್ದರೆ ಹೋಗುವುದೇನು? ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ದ್ವಿಭಾಷಾ ಶಿಕ್ಷಣದ ವಿಷಯದಲ್ಲಿ ನಾವು ಬಿ.ಎಡ್. ತರಗತಿಯಲ್ಲಿ ಓದಿದ ಹಲವು ಪುಟಗಳ ಸಾರ ಆ ಒಂದು ಮಾತಿನಲ್ಲಿತ್ತು.

ಇನ್ನು ಊಟ. ಯುಗಾದಿಯ ಎಲೆಗೆ ಅರಸು ಹೋಳಿಗೆ. ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ ತೊಗರಿಬೇಳೆಯ ಹೂರಣ, ಹಿಂದೂಪುರದ ಮನೆಯಲ್ಲಿ ಕಡಲೆಬೇಳೆಯ ಹೂರಣ. ಅದರೊಡನೆ ಕೋಸಂಬರಿ, ಪಲ್ಯ, ಅನ್ನ, ತುಪ್ಪ. ಒಂದು ಕಡೆ ಮಾವಿನಕಾಯಿಯ ಚಿತ್ರಾನ್ನ, ಇನ್ನೊಂದು ಕಡೆ ಪುಲಿಹೋರ. ಒಂದು ಕಡೆ ತೊವ್ವೆ, ಇನ್ನೊಂದು ಕಡೆ ಮುದ್ದಪಪ್ಪು. ಮಾಂಸಾಹಾರಿ ಮನೆಗಳಲ್ಲಿ ಮರುದಿನದ ಹೊಸತೊಡಕು. ಮಳೆ ಕಡಿಮೆ ಬೀಳುವ ಸೀಮೆ ನಮ್ಮದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯಲ್ಲಿ ಬೆಳೆದ ಬೇಳೆ, ರಾಗಿ, ಕಡಲೆಕಾಯಿಗಳೇ ನಮ್ಮ ಸಂಪತ್ತು. ಬರದ ವರ್ಷಗಳಲ್ಲಿ ಬಡವರ ಮನೆಯಲ್ಲಿಯೂ ಆ ಒಂದು ದಿನ ಹೋಳಿಗೆ ತಪ್ಪುತ್ತಿರಲಿಲ್ಲ. ಬೇಳೆ ಸಾಲದಿದ್ದರೆ ಹೋಳಿಗೆ ಚಿಕ್ಕದಾಗುತ್ತಿತ್ತು, ಅಷ್ಟೆ.

ಇಲ್ಲಿ ಹೆಸರುಗಳ ಕಡೆ ತಮ್ಮ ಗಮನ ಸೆಳೆಯಬಯಸುತ್ತೇವೆ. ಹಳೆಯ ಮೈಸೂರಿನ ಕಡೆ ಕನ್ನಡಿಗರು ಈ ಭಕ್ಷ್ಯವನ್ನು ಒಬ್ಬಟ್ಟು ಎನ್ನುತ್ತಾರೆ; ಕರಾವಳಿ ಆಂಧ್ರದ ತೆಲುಗರು ಬೊಬ್ಬಟ್ಟು ಎನ್ನುತ್ತಾರೆ. ನಮ್ಮ ಕನ್ನಡದ ಮನೆಗಳು ಹೋಳಿಗೆ ಎಂದರೆ, ಅನಂತಪುರ ಸೀಮೆಯ ತೆಲುಗು ಮನೆಗಳು ಓಳಿಗ ಎನ್ನುತ್ತವೆ. ಭಕ್ಷ್ಯಾಲು ಎನ್ನುವವರೂ ಉಂಟು. ಸಾರು ಅಲ್ಲಿ ಚಾರು, ಮಜ್ಜಿಗೆ ಅಲ್ಲಿ ಮಜ್ಜಿಗ. ಅದೇ ಪಚಡಿಯ ವಿಷಯಕ್ಕೆ ಬಂದರೆ, ಕನ್ನಡದ ಪಚಡಿ ಮೊಸರು ಬೆರೆಸಿದ ತರಕಾರಿ. ತೆಲುಗಿನ ಪಚ್ಚಡಿ ಚಟ್ನಿ. ಹೊಸ ಸೊಸೆ ಪಚಡಿ ಮಾಡೆಂದರೆ ಸೌತೆಕಾಯಿ ಹೆಚ್ಚಲು ಕುಳಿತ ಕಥೆಗಳು ನಮ್ಮ ಗಡಿನಾಡಿನಲ್ಲಿ ಮನೆಗೊಂದು ಸಿಗುತ್ತವೆ.

ಈ ಹೆಸರುಗಳು ಬರಿಯ ವಿನೋದದ ವಿಷಯವಲ್ಲ, ಅವು ಪಾಠವೂ ಹೌದು. ತೆಲುಗಿನಲ್ಲಿ ಪಾಲು ಎಂಬುದು ಕನ್ನಡದಲ್ಲಿ ಹಾಲು. ಅಲ್ಲಿ ಪುವ್ವು, ಇಲ್ಲಿ ಹೂವು. ಅಲ್ಲಿ ಪೆಸರಪಪ್ಪು, ಇಲ್ಲಿ ಹೆಸರುಬೇಳೆ. ಹಳಗನ್ನಡದಲ್ಲಿ ನಾವೂ ಪಾಲ್, ಪೂ ಎಂದೇ ಹೇಳುತ್ತಿದ್ದೆವು. ನಡುಗನ್ನಡದ ಹೊತ್ತಿಗೆ ಪಕಾರವು ಹಕಾರವಾಯಿತು. ಪುಲಿಹೋರದ ಪುಲಿಯೂ ನಮ್ಮ ಹುಳಿಯೂ ಒಂದೇ ಬೇರಿನವು. ಅದರ ಕೊನೆಯಲ್ಲಿ ಅಡಗಿರುವ 'ಓಗಿರ'ವೇ ಕನ್ನಡದ ಓಗರ, ಎಂದರೆ ಅನ್ನ. ನಮ್ಮ ಪುಳಿಯೋಗರೆಯಲ್ಲಿಯೂ ಅದು ಕುಳಿತಿದೆ. ತೆಲುಗಿನ ವೇಪ ನಮ್ಮಲ್ಲಿ ಬೇವು, ತೆಲುಗಿನ ವೆನ್ನ ನಮ್ಮಲ್ಲಿ ಬೆಣ್ಣೆ. ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯ ಪಾಠ ಮಾಡುವಾಗ ನಾವು ಮತ್ತೆ ಮತ್ತೆ ಕಂಡ ಸಂಗತಿಯೊಂದಿದೆ. ಮನೆಯಲ್ಲಿ ತೆಲುಗನ್ನೂ ಕೇಳಿ ಬೆಳೆದ ಮಗು ಪಕಾರದ ಪದಗಳ ಮುಂದೆ ತಡವರಿಸುವುದಿಲ್ಲ. "ಟೀಚರ್, ಇದು ನಮ್ಮ ಅವ್ವ ಹೇಳುವ ಪಾಲು ಅಲ್ಲವೆ?" ಎಂದು ತಾನೇ ಅರ್ಥ ಹೇಳುತ್ತದೆ. ಎರಡನೆಯ ನುಡಿ ಅಲ್ಲಿ ಹೊರೆಯಾಗಿ ಬರಲಿಲ್ಲ, ಊರುಗೋಲಾಗಿ ಬಂತು.

ಮೆಣಸಿನಕಾಯಿಯ ಉದಾಹರಣೆಯನ್ನೂ ನೋಡೋಣ. ಯುಗಾದಿಯ ಪಚ್ಚಡಿಗೆ ನಾವು ಹಾಕುವ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ನಮ್ಮ ತೀರಕ್ಕೆ ಬಂದ ಮೇಲೆ ಇಲ್ಲಿಗೆ ತಲುಪಿದ್ದು. ನಮ್ಮ ಹೊಲಗಳನ್ನು ತುಂಬಿರುವ ಕಡಲೆಕಾಯಿಯ ಮೂಲವೂ ದಕ್ಷಿಣ ಅಮೆರಿಕವೇ. ಬಂದ ಅತಿಥಿಗೆ ಕನ್ನಡವು ತನ್ನ ಮೆಣಸಿನ ಹೆಸರನ್ನು ಕೊಟ್ಟು ಮೆಣಸಿನಕಾಯಿ ಎಂದಿತು. ತೆಲುಗು ತನ್ನ ಮಿರಿಯದ ಹೆಸರನ್ನು ಕೊಟ್ಟು ಮಿರಪಕಾಯ ಎಂದಿತು. ಹೊಸದನ್ನು ಎರಡು ನುಡಿಗಳೂ ಬಾಗಿಲು ತೆರೆದು ಬರಮಾಡಿಕೊಂಡವು, ಆದರೆ ತಮ್ಮ ಹೆಸರಿನಿಂದಲೇ ಕರೆದವು. ಬೆರೆತರೆ ಕೆಡುತ್ತದೆ ಎನ್ನುವವರಿಗೆ ಇದು ಉತ್ತರ. ಬೆರೆಯುವುದರಿಂದ ಅಡುಗೆಯೂ ಕೆಡಲಿಲ್ಲ, ಭಾಷೆಯೂ ಕೆಡಲಿಲ್ಲ. ಕೆಡುವುದು ಹೆಸರು ಮರೆತಾಗ.

ಹೆಸರು ಮರೆಯುವುದೆಂದರೇನು ಎಂಬುದನ್ನು ಈ ಶಾಲೆಯ ಒಂದು ತರಗತಿಯಲ್ಲಿ ನಾವು ಕಣ್ಣಾರೆ ಕಂಡೆವು. ಯುಗಾದಿಯ ರಜೆ ಮುಗಿದ ಮೇಲೆ ಏಳನೆಯ ತರಗತಿಯ ಮಕ್ಕಳಿಗೆ ಒಂದು ಸಣ್ಣ ಅಭ್ಯಾಸ ಕೊಟ್ಟಿದ್ದೆವು. ಹಾಳೆಯಲ್ಲಿ ಮೂರು ಕಲಂ ಹಾಕಿ, ಹಬ್ಬದ ದಿನ ಎಲೆಗೆ ಬಂದ ಪದಾರ್ಥ, ಅದನ್ನು ಮಾಡಿದವರು ಯಾರು, ಅದರ ಹೆಸರು ಯಾವ ಭಾಷೆಯದು ಎಂದು ಬರೆಯಬೇಕು. ಹಾಳೆಗಳು ಬಂದವು. ಒಬ್ಬ ಹುಡುಗಿ ಹೋಳಿಗೆಯನ್ನೂ ಓಳಿಗವನ್ನೂ ಎರಡು ಪದಾರ್ಥಗಳೆಂದು ಬರೆದು, ಅಮ್ಮ ಮಾಡಿದ್ದು ಒಂದು, ಅಜ್ಜಿ ಮಾಡಿದ್ದು ಒಂದು ಎಂದು ಸಮರ್ಥಿಸಿದಳು, ರುಚಿ ಬೇರೆಯಿತ್ತಂತೆ. ಇನ್ನೊಬ್ಬನಿಗೆ ಪುಲಿಹೋರದ ಭಾಷೆ ಯಾವುದೆಂದು ತಿಳಿಯದೆ 'ನಮ್ಮದು' ಎಂದು ಬರೆದಿದ್ದ. ನಾವು ಅದಕ್ಕೆ ಪೂರ್ಣ ಅಂಕ ಕೊಟ್ಟೆವು.

ಒಂದು ಹಾಳೆಯಲ್ಲಿ ಮಾತ್ರ 'ಅಜ್ಜಿ ಸಾರು' ಎಂದಿತ್ತು. ಮಾಡಿದವರು ಎಂಬಲ್ಲಿ, "ಈ ವರ್ಷ ಯಾರೂ ಮಾಡಲಿಲ್ಲ" ಎಂದಿತ್ತು. ಭಾಷೆಯ ಕಲಂ ಖಾಲಿಯಿತ್ತು. ಹುಡುಗನನ್ನು ಹತ್ತಿರ ಕರೆದು ಕೇಳಿದೆವು. ತಂದೆಯ ತಾಯಿ ಕನ್ನಡದವರು. ಹಿಂದಿನ ವರ್ಷ ತೀರಿಕೊಂಡಿದ್ದರು. ತಾಯಿ ತೆಲುಗಿನವರು, ತಂದೆ ಕೆಲಸದ ಮೇಲೆ ಬೆಂಗಳೂರಿನಲ್ಲಿ. ಹಬ್ಬದ ದಿನ ತಂದೆ ಆ ಸಾರನ್ನು ನೆನೆಸಿಕೊಂಡರಂತೆ. ಅದು ಹೇಗಿರುತ್ತಿತ್ತೆಂದು ವರ್ಣಿಸಿದರಂತೆ. ಆದರೆ ಅದಕ್ಕೆ ಏನನ್ನುತ್ತಾರೆ, ಹೇಗೆ ಮಾಡುತ್ತಾರೆ ಎಂಬುದು ಮನೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. "ಸಿಹಿಯೂ ಇರುತ್ತಿತ್ತು, ಹುಳಿಯೂ ಇರುತ್ತಿತ್ತು, ಕಾರವೂ ಇರುತ್ತಿತ್ತು" ಎಂದ ಹುಡುಗ.

ಹಿಂದಿನ ಬೆಂಚಿನಿಂದ ಕಲ್ಯಾಣದುರ್ಗದ ಕಡೆಯ ಹುಡುಗಿಯೊಬ್ಬಳು ಎದ್ದು, "ಅದು ಹೋಳಿಗೆ ಸಾರು ಟೀಚರ್, ನಮ್ಮ ಮನೆಯಲ್ಲಿ ಮಾಡುತ್ತಾರೆ" ಎಂದಳು. ಬೇಳೆ ಬೇಯಿಸಿದ ಕಟ್ಟನ್ನು ಬಸಿದುಕೊಂಡು, ಅದಕ್ಕೆ ಒಂದು ಹಿಡಿ ಹೂರಣ ಕಲಸಿ, ಹುಣಸೆರಸ, ಸಾರಿನ ಪುಡಿ, ರುಬ್ಬಿದ ತೆಂಗಿನಕಾಯಿ ಸೇರಿಸಿ ಕುದಿಸಿ, ಸಾಸಿವೆ ಕರಿಬೇವು ಇಂಗಿನ ಒಗ್ಗರಣೆ ಕೊಡುವ ಕ್ರಮವನ್ನು ನಮ್ಮ ಬಿಸಿಯೂಟದ ಅಡುಗೆಯ ತಾಯಿಯವರು ಆ ದಿನವೇ ಬಾಯಲ್ಲಿ ಹೇಳಿದರು. ಹುಡುಗ ಅದನ್ನು ಕನ್ನಡದಲ್ಲಿ ಬರೆದುಕೊಂಡ. ಮನೆಗೆ ಹೋಗಿ ತಾಯಿಗೆ ತೆಲುಗಿನಲ್ಲಿ ಓದಿ ಹೇಳಿದ. ಮುಂದಿನ ಭಾನುವಾರ ಆ ತಾಯಿ ಅದನ್ನು ಮಾಡಿದರು; ಬೆಂಗಳೂರಿನಿಂದ ಬಂದ ತಂದೆ ಉಂಡು ಬಹಳ ಹೊತ್ತು ಮಾತನಾಡಲಿಲ್ಲವೆಂದು ಹುಡುಗ ಸೋಮವಾರ ಬಂದು ತಿಳಿಸಿದ.

ಪೋಷಕ ಬಂಧುಗಳೆ, ಕನ್ನಡ ಏಕೆ ಎಂಬ ತಮ್ಮ ಪ್ರಶ್ನೆಗೆ ನಮ್ಮ ಉತ್ತರ ಇದು. ಆ ಅಜ್ಜಿ ಮೊಮ್ಮಗನ ಜೊತೆ ಹನ್ನೊಂದು ವರ್ಷ ಬಾಳಿದರು, ಪ್ರತಿ ಹಬ್ಬಕ್ಕೂ ಸಾರು ಬಡಿಸಿದರು. ಆದರೆ ಅವರ ನುಡಿ ಆ ಮನೆಯಲ್ಲಿ ಅವರ ಬಾಯಲ್ಲಿ ಮಾತ್ರ ಉಳಿದಿತ್ತು. ಮಗುವಿಗೆ ಕಷ್ಟವಾಗಬಾರದೆಂದು ಅವರೇ ತೆಲುಗಿಗೆ ತಿರುಗಿಕೊಂಡಿದ್ದರಂತೆ. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೂ ಅವರು ಹೋದ ದಿನ ಒಂದು ಪದಾರ್ಥ, ಒಂದು ಹೆಸರು, ಬಹುಶಃ ನಾವು ಕೇಳಿಯೇ ಇಲ್ಲದ ನೂರು ಮಾತುಗಳು ಅವರೊಡನೆ ಹೊರಟುಹೋದವು. ಸಾರು ಮರಳಿ ಸಿಕ್ಕಿದ್ದು ಆ ಹುಡುಗ ಕನ್ನಡ ಓದಬಲ್ಲವನಾದ್ದರಿಂದ. ಎಲ್ಲ ಮನೆಗಳಿಗೂ ಹಿಂದಿನ ಬೆಂಚಿನ ಹುಡುಗಿ ಸಿಗುವುದಿಲ್ಲ.

ಇದು ಕನ್ನಡದ ಮಾತು ಮಾತ್ರವಲ್ಲ. ಕನ್ನಡದ ಮನೆಗೆ ಬಂದ ತೆಲುಗು ಸೊಸೆಯ ನುಡಿಗೂ ಇದೇ ಮಾತು ಸಲ್ಲುತ್ತದೆ. ಅವಳ ಮಗು ತೆಲುಗನ್ನು ಬಿಟ್ಟುಕೊಡಬೇಕೆಂದು ಕನ್ನಡ ಶಾಲೆಯ ನಾವು ಎಂದಿಗೂ ಬಯಸುವುದಿಲ್ಲ. ಈ ದಿನ ಎರಡು ನುಡಿಗಳಿಗೂ ಇರುವ ಆತಂಕ ಪರಸ್ಪರರಿಂದ ಬಂದದ್ದಲ್ಲ. ಹಬ್ಬದ ಪದಾರ್ಥವನ್ನು ಅಂಗಡಿಯಿಂದ ಡಬ್ಬಿಯಲ್ಲಿ ತಂದು 'ಸ್ವೀಟು', 'ರೈಸು' ಎಂದು ಕರೆದು ಮುಗಿಸುವ ಅಭ್ಯಾಸ ಎರಡು ಕಡೆಯೂ ಬೆಳೆಯುತ್ತಿದೆ. ಕೊಂಡು ತರುವುದು ತಪ್ಪಲ್ಲ. ದುಡಿಯುವ ತಾಯಂದಿರ ಕಷ್ಟ ದುಡಿಯುವ ನಮಗೆ ಗೊತ್ತು. ಡಬ್ಬಿಯನ್ನು ತೆರೆಯುವಾಗಲಾದರೂ ಹೆಸರನ್ನು ಹೇಳೋಣ ಎಂಬುದಷ್ಟೇ ನಮ್ಮ ಅರಿಕೆ. ಇಂಗ್ಲಿಷು ಮಗುವಿಗೆ ಬೇಕು, ನಾವೂ ಶ್ರದ್ಧೆಯಿಂದ ಕಲಿಸುತ್ತೇವೆ. ಅದು ಕಲಿತರೆ ಬರುವ ಭಾಷೆ. ಅಜ್ಜಿಯ ನುಡಿಯಾದರೋ ಅಜ್ಜಿ ಇರುವಾಗಲೇ ಬರಬೇಕು.

ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುವುದೆಂಬ ಭಯ ಹಳೆಯದು. ಫ್ರಾನ್ಸಿನ ಭಾಷಾವಿಜ್ಞಾನಿ ಜೂಲ್ ರೋಂಜಾ ಎಂಬವರು ತಮ್ಮ ಮಗ ಲೂಯಿಯನ್ನು ಹುಟ್ಟಿದಂದಿನಿಂದ ಎರಡು ಭಾಷೆಗಳಲ್ಲಿ ಬೆಳೆಸಿದರು. ತಂದೆ ಅವನೊಡನೆ ಫ್ರೆಂಚಿನಲ್ಲಿಯೇ ಮಾತನಾಡಿದರು, ತಾಯಿ ಜರ್ಮನಿನಲ್ಲಿಯೇ ಮಾತನಾಡಿದರು. ಮಗು ಎರಡನ್ನೂ ಚೆನ್ನಾಗಿ ಕಲಿತ ಬಗೆಯನ್ನು ಅವರು 1913ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆದರೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಅನಂತಪುರ ಸೀಮೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರನ್ನು ನೆನೆಯೋಣ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಬೋಧಿಸಿದರು. 'ಗಾನಕಲೆ'ಯಂತಹ ಕೃತಿಗಳನ್ನು ಕನ್ನಡದಲ್ಲಿ ಬರೆದರು. ತಿರುಪತಿಯಲ್ಲಿದ್ದು ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಸಂಯೋಜಿಸಿದರು. ಅವರನ್ನು ಕನ್ನಡಿಗರು ನಮ್ಮವರೆನ್ನುತ್ತಾರೆ, ತೆಲುಗರು ತಮ್ಮವರೆನ್ನುತ್ತಾರೆ. ಇಬ್ಬರ ಮಾತೂ ನಿಜ. ಎರಡು ನುಡಿಯ ಮಣ್ಣಿನಲ್ಲಿ ಬೆಳೆದವರು ಎರಡು ನಾಡಿಗೂ ಸಲ್ಲುತ್ತಾರೆ.

ಹಾಗೆಂದು ಇದು ಎರಡೇ ನುಡಿಗಳ ಸಭೆಯೂ ಅಲ್ಲ. ಉರ್ದು ಮನೆಮಾತಾಗಿರುವ ಮಕ್ಕಳೂ ನಮ್ಮ ತರಗತಿಗಳಲ್ಲಿ ಕನ್ನಡ ಓದುತ್ತಿದ್ದಾರೆ. 2025ರಲ್ಲಿ ಮಾರ್ಚ್ 30ರಂದು ಯುಗಾದಿ, ಮರುದಿನ 31ರಂದು ರಂಜಾನ್ ಹಬ್ಬ ಬಂದವು. ಆ ಎರಡು ದಿನ ಈ ಊರಿನ ಬೀದಿಗಳಲ್ಲಿ ಮೊದಲ ದಿನ ಹೋಳಿಗೆಯ ಡಬ್ಬಿಗಳು ಒಂದು ದಿಕ್ಕಿಗೆ ಹೋದವು, ಎರಡನೆಯ ದಿನ ಅವೇ ಡಬ್ಬಿಗಳು ಶೀರ್ ಖುರ್ಮಾ ತುಂಬಿಕೊಂಡು ಮರಳಿ ಬಂದವು. ಖಾಲಿ ಡಬ್ಬಿಯನ್ನು ಹಿಂತಿರುಗಿಸಬಾರದೆಂಬ ನಿಯಮ ಯಾವ ಮನೆಯದು, ಯಾವ ಮತದ್ದು ಎಂದು ಕೇಳಿದರೆ ಹೇಳುವುದು ಕಷ್ಟ. ಅದು ಈ ಸೀಮೆಯದು.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಕಾಯಿದೆಯು ಶಾಲೆಯನ್ನು ಕೊಡಬಲ್ಲದು, ಪಠ್ಯಪುಸ್ತಕವನ್ನು ಕೊಡಬಲ್ಲದು. ಊಟಕ್ಕೆ ಕುಳಿತಾಗ "ಇದು ಏನು ಗೊತ್ತೆ?" ಎಂದು ಮಗುವನ್ನು ಕೇಳುವ ಕೆಲಸ ಮನೆಯವರದು. ಶಾಲೆ ಅಕ್ಷರವನ್ನು ಕಲಿಸಬಲ್ಲದು. ಮನೆಯಲ್ಲಿ ಮಾತಿಲ್ಲದಿದ್ದರೆ ಆ ಅಕ್ಷರಕ್ಕೆ ಬರೆಯಲು ಏನೂ ಇರುವುದಿಲ್ಲ.

ಆದ್ದರಿಂದ ಶತಮಾನೋತ್ಸವದ ಈ ಸಂದರ್ಭದಲ್ಲಿ ತಮ್ಮಲ್ಲಿ ಮೂರು ಕೋರಿಕೆಗಳನ್ನು ಇಡುತ್ತೇವೆ. ಮೊದಲನೆಯದು, ಮನೆಯಲ್ಲಿ ಪ್ರತಿಯೊಬ್ಬ ಹಿರಿಯರೂ ಮಗುವಿನೊಡನೆ ತಮ್ಮ ತಮ್ಮ ನುಡಿಯಲ್ಲಿಯೇ ಮಾತನಾಡಿರಿ. ಅಜ್ಜಿ ಕನ್ನಡದವರಾದರೆ ಕನ್ನಡದಲ್ಲಿ, ತಾಯಿ ತೆಲುಗಿನವರಾದರೆ ತೆಲುಗಿನಲ್ಲಿ. ಮಗು ಯಾವ ನುಡಿಯಲ್ಲಿ ಉತ್ತರ ಕೊಟ್ಟರೂ ಗದರಿಸಬೇಡಿರಿ, ತಾವು ಮಾತ್ರ ತಮ್ಮ ನುಡಿಯನ್ನು ಬಿಡಬೇಡಿರಿ. ಎರಡನೆಯದು, ಮುಂದಿನ ಯುಗಾದಿಗೆ ಮಕ್ಕಳನ್ನು ಒಲೆಯ ಹತ್ತಿರ ಕರೆಯಿರಿ, ಹೆಣ್ಣುಮಕ್ಕಳನ್ನಷ್ಟೇ ಅಲ್ಲ, ಗಂಡುಮಕ್ಕಳನ್ನೂ. ಹಬ್ಬದ ಒಂದೊಂದು ಪದಾರ್ಥದ ಹೆಸರನ್ನೂ ಎರಡು ಲಿಪಿಯಲ್ಲಿ ಬರೆಯಿಸಿರಿ. ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರು. ಒಂದನ್ನು ಬಲ್ಲ ಮಗು ಇನ್ನೊಂದನ್ನು ಕೆಲವೇ ವಾರಗಳಲ್ಲಿ ಓದಬಲ್ಲದು. ಮೂರನೆಯದು ಹಳೆಯ ವಿದ್ಯಾರ್ಥಿಗಳಿಗೆ. ತಮ್ಮ ಮನೆಯ ಹಿ ರಿಯರು ಹಬ್ಬಕ್ಕೆ ಮಾಡುತ್ತಿದ್ದ ಒಂದು ಅಡುಗೆಯ ಹೆಸರನ್ನೂ ಕ್ರಮವನ್ನೂ ತಾವೇ ಬರೆದು ಶಾಲೆಗೆ ಕಳುಹಿಸಿರಿ. ಬಂದ ಹಾಳೆಗಳನ್ನೆಲ್ಲ ಹೊಲಿದು ಒಂದು ಪುಸ್ತಕ ಮಾಡಿ ಗ್ರಂಥಾಲಯದಲ್ಲಿ ಇರಿಸುತ್ತೇವೆ. ಇನ್ನೊಬ್ಬ ಹುಡುಗ 'ಅಜ್ಜಿ ಸಾರು' ಎಂದು ಬರೆದು ನಿಂತಾಗ ತೆರೆದು ತೋರಿಸಲು ನಮ್ಮ ಶಿಕ್ಷಕರ ಕೈಯಲ್ಲಿ ಅದು ಇರಲಿ.

ನಮ್ಮ ಅತ್ತೆಯವರು ಈಗಿಲ್ಲ. ಬೆಳ್ಳಿ ಬಟ್ಟಲು ದೇವರ ಮನೆಯಲ್ಲಿದೆ. ಪ್ರತಿ ಯುಗಾದಿಗೂ ಅದರಲ್ಲಿ ಬೇವು ಬೆಲ್ಲ, ಪಕ್ಕದ ಪಾತ್ರೆಯಲ್ಲಿ ಪಚ್ಚಡಿ. ಎರಡನ್ನೂ ನಮ್ಮ ಮಕ್ಕಳು ತಿನ್ನುತ್ತಾರೆ, ಎರಡರ ಹೆಸರನ್ನೂ ಬಲ್ಲರು. ಇಂತಹ ಮನೆಗಳು ಈ ಊರಿನಲ್ಲಿ ನೂರಾರಿವೆ. ಈ ಶಾಲೆ ಇನ್ನೊಂದು ನೂರು ವರ್ಷ ಬಾಳಬೇಕಾದರೆ ಅದಕ್ಕೆ ಬೇಕಾದ ಅನ್ನ ಸಿಗುವುದು ಆ ಮನೆಗಳ ಒಲೆಯಿಂದಲೇ.